ಮೇಷ್ಟ್ರನ್ನು ಬದುಕಿಸು ಎಂದಿದ್ದಳು ಅಕ್ಕ

ನಾನು ಕೇಳಲಿಲ್ಲ. ಕೇಳಿದೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಒಂದು ಸಲ ಹೇಳಿದ್ದರೆ ಮರೆತೇಬಿಡಬಹುದಿತ್ತು. ನಾಲ್ಕು ವರ್ಷ ಹೇಳಿದೆ. ನಮ್ಮ ನಾಟಕ ತಂಡದ ಯಜಮಾನರ ಮುಂದೆ ನಿಂತು, ಮೊದಲನೇ ಅಂಕದ ಕೊನೆಯಲ್ಲಿ ಕ್ಷಯ ಬಂದು ಸಾಯುವ ಮೇಷ್ಟ್ರನ್ನು ಸಾಯಿಸಬೇಡಿ, ಮಾತ್ರೆ ತಿಂದು ವಾಸಿಯಾಗಲಿ ಎಂದು ಒಂದು ಮಾತು ಕೇಳಬೇಕಿತ್ತು. ಅಕ್ಕ ನನ್ನಿಂದ ಬಯಸಿದ್ದು ಅಷ್ಟೇ. ಅವಳಿಗೂ ಅದೇ ಕಾಯಿಲೆ ಬಂದಿತ್ತು, ವಾಸಿಯಾಗಿತ್ತು, ದಿನಾ ನನ್ನ ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಮೇಷ್ಟ್ರ ಪಾತ್ರ ನನ್ನದು. ನಾನು ಬಹಳ ಚೆನ್ನಾಗಿ ಸಾಯುತ್ತಿದ್ದೆ. ತೊಂದರೆ ಆದದ್ದೇ ಅದರಿಂದ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಒಂದು ಮನೆಯ ಮಹಡಿ ಮೆಟ್ಟಿಲ ಕೆಳಗೆ, ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗದಲ್ಲಿ ನನ್ನ ಟೈಲರ್ ಅಂಗಡಿ ಇತ್ತು. ನಾನು ಪ್ಯಾಂಟು ಕತ್ತರಿಸಿ ಹೊಲಿದರೆ, ಕಾಜ, ಗುಂಡಿ, ಕಾಲಿನ ಮಡಿಕೆ ಎಲ್ಲ ಅಕ್ಕನ ಕೆಲಸ. ಕಾಲೇಜಿನ ಮೇಷ್ಟ್ರುಗಳೇ ನಮ್ಮ ಗಿರಾಕಿಗಳು. ಒಬ್ಬೊಬ್ಬರ ಸೊಂಟದ ಅಳತೆ ವರ್ಷ ವರ್ಷ ಹೇಗೆ ಬೆಳೆಯಿತು ಎಂಬುದು ಅವರ ಹೆಂಡತಿಯರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಬರೆಯುವುದನ್ನು ಕಲಿತದ್ದು ಮಾತ್ರ ನಾಟಕದಲ್ಲಿ. ಒಂದೇ ಒಂದು ಕೈಬರಹದ ಪುಸ್ತಕ ಇರುತ್ತಿತ್ತು. ಅದನ್ನು ನೋಡಿ ಎಲ್ಲರ ಪಾತ್ರವನ್ನೂ ಬೇರೆ ಬೇರೆ ನೋಟ್‌ಬುಕ್ಕಿನಲ್ಲಿ ಇಳಿಸಿಕೊಡುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಹಾಗೆ ಬರೆದು ಬರೆದು ಅಕ್ಷರ ದುಂಡಗಾಯಿತು. ಆದರೆ ನಾಟಕದವರಿಗೆ ಪ್ರತಿ ಮಾತಿನ ಕೊನೆಗೂ ಒಂದು ಕಡ್ಡಿ, ಅದರ ಕೆಳಗೊಂದು ಚುಕ್ಕಿ ಬೇಕು. ಇದನ್ನು ಬರೆಯಲು ಕೂತಾಗ ನನ್ನ ಹಳೆಯ ಗಿರಾಕಿಯೊಬ್ಬರು, “ಆ ಕಡ್ಡಿ ಚುಕ್ಕಿ ಎಲ್ಲ ತೆಗೀರಿ, ನೀವು ಕಿರುಚಾಡ್ತಾ ಇದ್ದೀರ ಅನ್ಸುತ್ತೆ” ಎಂದರು. ಆದಷ್ಟೂ ತೆಗೆದಿದ್ದೇನೆ.

ಅಕ್ಕನಿಗೆ ಕಾಯಿಲೆ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅದು ಏನೆಂದು ಗೊತ್ತಾಗುವ ಮೊದಲು ಎರಡು ತಿಂಗಳು ಅವಳು ನನ್ನ ಪಕ್ಕದಲ್ಲೇ ಕೂತು ಕೆಮ್ಮುತ್ತಾ ಕಾಜ ಹಾಕಿದಳು. ಅವಳ ಕೆಮ್ಮಿಗೆ ಮೂರು ಹಂತ ಇತ್ತು. ಮೊದಲು ಯಾರನ್ನೋ ಕರೆಯುವ ಹಾಗೆ ಎರಡು ಸಣ್ಣ ಕೆಮ್ಮು. ಆಮೇಲೆ ಒಂದು ಗಳಿಗೆ ಸುಮ್ಮನೆ. ಅದಾದ ಮೇಲೆ ಬುಡದಿಂದ ಎಳೆದು ತರುವಂಥ ಉದ್ದನೆಯದು. ಅದು ಬರುವಾಗ ಎಡಗೈ ತಾನಾಗಿ ಮೊಣಕಾಲು ಹಿಡಿದುಕೊಳ್ಳುತ್ತಿತ್ತು, ಬಲಗೈ ಸೂಜಿ ಬಿಡುತ್ತಿರಲಿಲ್ಲ. ಅವ್ವ ಮೆಣಸಿನ ಕಷಾಯ ಮಾಡಿದಳು, ಶುಂಠಿ ಕಷಾಯ ಮಾಡಿದಳು. ಅಕ್ಕನ ರವಿಕೆಗಳು ಸಡಿಲವಾದವು. ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಕಫ ಪರೀಕ್ಷೆ ಮಾಡಿ ಹೆಸರು ಹೇಳಿದರು. ನನ್ನನ್ನೂ ಅವ್ವನನ್ನೂ ಪರೀಕ್ಷಿಸಿದರು, ನಮಗೆ ಏನೂ ಇರಲಿಲ್ಲ.

ಮಾತ್ರೆ ಕೊಟ್ಟ ದಿನ ನರ್ಸಮ್ಮ ಅಕ್ಕನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅಕ್ಕ ಮನೆಗೆ ಬಂದು ನಗುತ್ತಾ ನಮಗೂ ಹೇಳಿದಳು: “ಈ ಮಾತ್ರೆ ತಿಂದ್ರೆ ಒಂದಕ್ಕೆ ಹೋಗೋದು ಕೆಂಪಗಾಗ್ತದಂತೆ. ಕುಂಕುಮದ ನೀರಿನಂಗೆ. ಹೆದರ್ಕೋಬೇಡ ತಾಯಿ, ಅದು ರಕ್ತ ಅಲ್ಲ, ಮಾತ್ರೆ ಬಣ್ಣ ಅಂದ್ರು.”

ತಿಂಗಳೊಳಗೆ ಕೆಮ್ಮು ನಿಂತಿತು. ಕೆಮ್ಮು ನಿಂತರೂ ಮಾತ್ರೆ ನಿಲ್ಲಿಸಬಾರದು ಎಂದಿದ್ದರು. ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಮೊದಲು ಒಳಗೆ ಹಿಡಿದಿದ್ದ ರವಿಕೆಯ ಹೊಲಿಗೆಗಳನ್ನು ಅವಳೇ ಒಂದೊಂದಾಗಿ ಬಿಚ್ಚಿದಳು. ಕೊನೆಯ ಹೊಲಿಗೆ ಬಿಚ್ಚಿದ ದಿನ, “ಇನ್ನು ದಪ್ಪ ಆದ್ರೆ ಹೊಸ ಬಟ್ಟೆನೇ ಬೇಕು ಕಣೋ” ಎಂದಳು. ಅಷ್ಟೊಂದು ಸರಾಗವಾಗಿ ವಾಸಿಯಾದಳು.

ಆದರೆ ವಠಾರದವರಿಗೆ ನಾನು ಹೇಳಿದ್ದು ಬೇರೆ. ನಲ್ಲಿ ಹತ್ತಿರ ಯಾರೋ ಕೇಳಿದಾಗ, “ಅವಳಿಗೆ ಉಬ್ಬಸ” ಎಂದೆ. ಅಕ್ಕನ ಒಳ್ಳೆಯದಕ್ಕೇ ಹೇಳಿದೆ ಎಂದುಕೊಂಡಿದ್ದೆ.

ಅದಾಗಿ ಎರಡು ಮೂರು ವರ್ಷಕ್ಕೆ ನಮ್ಮ ತಂಡ ಹೊಸ ನಾಟಕ ಕೈಗೆತ್ತಿಕೊಂಡಿತು. ಯಜಮಾನರು ಎಂದು ನಾನು ಹೇಳುತ್ತಿರುವುದು ದಿನಸಿ ಅಂಗಡಿಯವರನ್ನು. ತಲೆತಲಾಂತರದಿಂದ ವ್ಯಾಪಾರದ ಮನೆತನ, ಮಠಕ್ಕೆ ನಡೆದುಕೊಳ್ಳುವವರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಅಳಿಸಿದ್ದನ್ನು ನಾನು ನೋಡಿಲ್ಲ. ನಾಟಕ ಬರೆಯುವವರೂ ಅವರೇ, ಆಡಿಸುವವರೂ ಅವರೇ. ತಾಲೀಮು ನಡೆಯುತ್ತಿದ್ದದ್ದು ಅವರ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಅಲ್ಲಿ ಒಣಮೆಣಸಿನಕಾಯಿ ಮೂಟೆಗಳಿದ್ದವು. ಹಾಗಾಗಿ ಕ್ಷಯದ ಮೇಷ್ಟ್ರ ಪಾತ್ರಕ್ಕೆ ಯಾರು ಎಂದು ಯಜಮಾನರು ಕೇಳಿದ ದಿನ ಇಡೀ ತಂಡವೇ ಕೆಮ್ಮುತ್ತಿತ್ತು. ಪ್ರೇಮಿಯ ಪಾತ್ರದವನೂ ಕೆಮ್ಮಿದ, ಹಾರ್ಮೋನಿಯಂನವರೂ ಕೆಮ್ಮಿದರು.

“ಇದು ಕೆಮ್ಮಲ್ಲ, ಘಾಟು,” ಎಂದರು ಯಜಮಾನರು. “ನಂಗೆ ಕರುಳು ಹಿಂಡೋ ಕೆಮ್ಮು ಬೇಕು.”

ನಾನು ಎದ್ದು ನಿಂತು ಅಕ್ಕನ ಕೆಮ್ಮು ಕೆಮ್ಮಿದೆ. ಎರಡು ಸಣ್ಣದು, ಒಂದು ಗಳಿಗೆ ಸುಮ್ಮನೆ, ಆಮೇಲೆ ಉದ್ದನೆಯದು, ಎಡಗೈ ಮೊಣಕಾಲಿಗೆ. ಘಾಟಿಗೆ ಕೆಮ್ಮುತ್ತಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು. “ಅಯ್ಯೋ ಶಿವನೇ,” ಎಂದರು ಯಜಮಾನರು. ಪಾತ್ರ ನನ್ನದಾಯಿತು.

ಟೈಲರ್ ಆದ್ದರಿಂದ ಒಂದು ಉಪಾಯವನ್ನೂ ಮಾಡಿದೆ. ಎರಡು ಪದರದ ಕರ್ಚೀಫು ಹೊಲಿದು ನಡುವೆ ಒಂದು ಪುಟ್ಟ ಜೇಬು ಇಟ್ಟೆ. ಅದರೊಳಗೆ ಬೀಟ್‌ರೂಟ್ ರಸದಲ್ಲಿ ಅದ್ದಿದ ಹತ್ತಿ. ಬಾಯಿಗೆ ಹಿಡಿದು ಒತ್ತಿದರೆ ಬಿಳಿ ಬಟ್ಟೆಯ ಮೇಲೆ ಕೆಂಪು ನಿಧಾನವಾಗಿ ಹರಡುತ್ತಿತ್ತು. ಮೇಷ್ಟ್ರ ಮಂಚದ ಪಕ್ಕ ಸ್ಟೂಲಿನ ಮೇಲೆ ಒಂದು ಔಷಧಿ ಸೀಸೆ ಇಟ್ಟವನೂ ನಾನೇ. ಔಷಧಿ ಕುಡಿಯುವುದು, ಕೆಮ್ಮುವುದು, ಕರ್ಚೀಫು ತೆರೆದು ಜನಕ್ಕೆ ತೋರಿಸುವುದು, ಮಗಳ ಕಡೆ ಕೈ ಚಾಚಿ ಬೀಳುವುದು. ಹೀಗಿತ್ತು ನನ್ನ ಸಾವು.

ಮೊದಲ ಪ್ರದರ್ಶನ ಸಿದ್ಧಾರ್ಥನಗರದಲ್ಲಿ, ರಾಜ್ಯೋತ್ಸವದ ಸಂಜೆ. ನಾನು ಬಿದ್ದಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನ್ನ ಹೆಂಡತಿಯ ಪಾತ್ರ ಮಾಡುತ್ತಿದ್ದವನು ಸಿಟಿ ಬಸ್ಸಿನ ಕಂಡಕ್ಟರು. ಅವನ ಗಂಟಲು ಕೇಳಬೇಕೆ, “ನನ್ನ ಬಿಟ್ಟು ಹೋಗ್ಬಿಟ್ರಾ” ಎಂದು ಅವನು ಕೂಗಿದ್ದು ಪಕ್ಕದ ರಸ್ತೆಗೂ ಕೇಳಿಸಿತು. ಸತ್ತು ಮಲಗಿದವನಿಗೆ ಚಪ್ಪಾಳೆ ಕೇಳುವುದು ಎಂಥ ಸುಖ ಎಂದು ಸತ್ತವರಿಗೇ ಗೊತ್ತು.

ಅಕ್ಕ ಪರದೆಯ ಹಿಂದೆ ಬಂದಳು. ನಾನು ಇನ್ನೂ ಬಿಳಿ ಗಡ್ಡ ಕೀಳುತ್ತಿದ್ದೆ.

“ಅದು ನನ್ ಕೆಮ್ಮು ಕಣೋ,” ಎಂದಳು.

ಅವಳು ನಗುತ್ತಿದ್ದಳು. “ಕೆಮ್ಮು ನಂದು, ಚಪ್ಪಾಳೆ ನಿಂದು. ಇರ್ಲಿ ಬುಡು. ಆದ್ರೆ ಒಂದ್ ಕೇಳ್ತೀನಿ. ಅದೇ ಕೆಮ್ಮಲ್ಲಿ ನಾನು ಬದುಕಿದೆ, ನೀನ್ಯಾಕೆ ಸತ್ತೆ?”

“ನಾಟಕ ಅಲ್ವೇನಕ್ಕ.”

“ನಾಟಕ ಅಂತ ನಿಂಗೊತ್ತು, ನಂಗೊತ್ತು. ಅಲ್ಲಿ ಅಳ್ತಾ ಇದ್ರಲ್ಲ, ಅವರ ಮನೇಲಿ ಯಾರಾದ್ರೂ ಕೆಮ್ತಾ ಇದ್ರೆ? ಔಷಧಿ ಕುಡಿದೂ ಸತ್ತೆಯಲ್ಲೋ ನೀನು. ಯಜಮಾನರಿಗೆ ಹೇಳು, ಮೇಷ್ಟ್ರನ್ನ ಬದುಕ್ಸಿ ಅಂತ. ಕ್ಷಯಕ್ಕೆ ಮುಂದೆ ಒಂದು ‘ಅ’ ಸೇರ್ಸೋಕೆ ಏನ್ ಕಷ್ಟ ನಿಮಗೆಲ್ಲ?”

“ಕೇಳ್ತೀನಿ” ಎಂದೆ.

ಒಂದು ವಾರ ಬಿಟ್ಟು ಅಕ್ಕ ವಿಚಾರಿಸಿದಳು. “ಕೇಳ್ದೆ ಅಕ್ಕ. ಒಪ್ಪಲಿಲ್ಲ” ಎಂದೆ. ಏನಂದ್ರು ಎಂದು ಕೇಳಿದಳು. ನಾನು ಯಜಮಾನರ ಬಾಯಿಗೆ ಮಾತು ಬರೆದೆ. “ಮೇಷ್ಟ್ರು ಸತ್ರೆ ತಾನೇ ಮಗಳ ಕಥೆ ಶುರುವಾಗೋದು ಅಂದ್ರು.” ಇನ್ನೊಂದು ಸಲ, “ಜನ ಅಳೋಕೆ ಬರ್ತಾರೆ ಕಣಯ್ಯಾ, ಆಸ್ಪತ್ರೆ ಚೀಟಿ ನೋಡೋಕಲ್ಲ ಅಂದ್ರು.” ನನಗೆ ಮಾತು ಹೆಣೆಯುವುದು ಸುಲಭವಾಗಿ ಬರುತ್ತಿತ್ತು, ಯಜಮಾನರ ಕೈ ಸನ್ನೆಯನ್ನೂ ಸೇರಿಸಿ ಆಡಿ ತೋರಿಸುತ್ತಿದ್ದೆ. ಅಕ್ಕ ಪೂರ್ತಿ ನಂಬಿದಳು. ನಂಬಿದ್ದಕ್ಕೆ ಸಾಕ್ಷಿ ಎಂದರೆ, ಯಜಮಾನರ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಬೇಳೆ, ಬೆಲ್ಲ, ಹುಣಸೆಹಣ್ಣು ಎಲ್ಲಕ್ಕೂ ಎರಡು ರಸ್ತೆ ದಾಟಿ ಇನ್ನೊಂದು ಅಂಗಡಿಗೆ ನಡೆದು ಹೋಗುತ್ತಿದ್ದಳು. “ಅಷ್ಟು ಕಲ್ಲು ಮನಸ್ಸಿನೋರ ಬೇಳೆ ಬೇಯಲ್ಲ” ಎಂದು ಅವ್ವನಿಗೆ ಹೇಳುತ್ತಿದ್ದಳು. ಅಲ್ಲಿ ಯಜಮಾನರು, “ಏನಯ್ಯಾ, ನಿಮ್ಮಕ್ಕ ಈ ಕಡೆ ಬರೋದೇ ಇಲ್ಲ?” ಎಂದು ಕೇಳಿದರೆ, “ಮಂಡಿ ನೋವು ಸ್ವಾಮಿ” ಎನ್ನುತ್ತಿದ್ದೆ. ಮಂಡಿ ನೋವಿನವಳು ದಿನಾ ಅವರ ಅಂಗಡಿಯ ಮುಂದೆಯೇ ಸರಸರ ನಡೆದು ಹೋಗುತ್ತಿದ್ದಳು.

ಹೀಗೆ ನಾಲ್ಕು ವರ್ಷ ಸತ್ತೆ. ಬಡಾವಣೆ ಬಡಾವಣೆಗಳಲ್ಲಿ ಸತ್ತೆ.

ಎರಡು ಸಾವಿರದ ಆಸುಪಾಸಿನಲ್ಲಿ ನಮ್ಮ ವಠಾರದ ಕೊನೆಯ ಮನೆಗೆ ಹೂ ಕಟ್ಟುವ ಹೆಂಗಸೊಬ್ಬಳು ಬಾಡಿಗೆಗೆ ಬಂದಳು. ತವರು ಊರಾಚೆಯ ಮಂಡಕಳ್ಳಿ. ಗಂಡ ಇರಲಿಲ್ಲ, ಓದುವ ಮಗಳೊಬ್ಬಳಿದ್ದಳು. ಬೆಳಗ್ಗೆ ಬಾಗಿಲಲ್ಲಿ ಮಲ್ಲಿಗೆ ರಾಶಿ ಹಾಕಿಕೊಂಡು ಕೂತರೆ ಮಾತಾಡುತ್ತಾ, ಕೈ ನೋಡದೆ ಮಾರುಗಟ್ಟಲೆ ಕಟ್ಟಿಬಿಡುತ್ತಿದ್ದಳು. ಅವಳಿಗೆ ಕೆಮ್ಮು ಇತ್ತು. ಅಕ್ಕ ಎರಡು ದಿನ ಕೇಳಿಸಿಕೊಂಡು ಮೂರನೇ ದಿನ ಅವಳನ್ನು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅದೇ ಕಾಯಿಲೆ. ಆಗ ವಾರಕ್ಕೆ ಮೂರು ದಿನ ಆಸ್ಪತ್ರೆಯವರ ಎದುರಿಗೇ ಮಾತ್ರೆ ನುಂಗಬೇಕಿತ್ತು. ವಠಾರದಲ್ಲಿ ಗೊತ್ತಾದರೆ ತನ್ನ ಹೂವನ್ನು ಯಾರೂ ಮುಡಿಯುವುದಿಲ್ಲ ಎಂಬ ಭಯಕ್ಕೆ ಅವಳು ಆಸ್ಪತ್ರೆಯಲ್ಲಿ ಮಂಡಕಳ್ಳಿಯ ಅಣ್ಣನ ವಿಳಾಸ ಕೊಟ್ಟಿದ್ದಳು.

ಅಂಥವಳು ಒಂದು ಸಂಜೆ ಸಿದ್ಧಾರ್ಥನಗರದಲ್ಲಿ ನಮ್ಮ ನಾಟಕಕ್ಕೆ ಬಂದಳು. ಮೇಷ್ಟ್ರು ಸತ್ತರು. ಮುಂದಿನ ವಾರ ಅವಳು ಆಸ್ಪತ್ರೆಗೆ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಆಸ್ಪತ್ರೆಯವರು ಹುಡುಕಿಕೊಂಡು ಮಂಡಕಳ್ಳಿಗೆ ಹೋಗಿ ಬರಿಗೈಯಲ್ಲಿ ವಾಪಸಾದರಂತೆ.

ಅಕ್ಕನಿಗೆ ವಿಷಯ ತಿಳಿದದ್ದು ತಡವಾಗಿ. ಒಂದು ಬೆಳಗ್ಗೆ ನನ್ನನ್ನೂ ಕರೆದುಕೊಂಡು ಅವಳ ಬಾಗಿಲಿಗೆ ಹೋದಳು.

“ಯಾಕಮ್ಮ ಮಾತ್ರೆ ಬುಟ್ಟೆ?”

ಆಕೆ ಹೂ ಕಟ್ಟುತ್ತಲೇ ಇದ್ದಳು. ನನ್ನನ್ನು ಓರೆಗಣ್ಣಲ್ಲಿ ನೋಡಿ ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಅಕ್ಕ ಜೋರಾಗಿಯೇ ಉತ್ತರ ಕೊಟ್ಟಳು: “ಕೆಂಪಗೆ ಓಯ್ತದಾ? ಅಯ್ಯೋ ಅದು ಮಾತ್ರೆ ಬಣ್ಣ ಕಣಮ್ಮ! ಆಸ್ಪತ್ರೇಲಿ ಹೇಳ್ಲಿಲ್ವಾ?”

“ಏಳಿದ್ರೇನೋ, ಆ ದಿನ ನನ್ ಕಿವೀಗೆ ಏನೂ ಬೀಳ್ಲಿಲ್ಲ,” ಎಂದಳು ಆಕೆ. ಈಗ ಮುಚ್ಚುಮರೆ ಬಿಟ್ಟಿದ್ದಳು. “ಮೊದ್ಲಿಂದ್ಲೂ ಅಂಗೇ ಓಯ್ತಿತ್ತು, ನಾಚ್ಕೊಂಡು ಸುಮ್ನಿದ್ದೆ. ನಾಟಕದಲ್ಲಿ ಮೇಷ್ಟ್ರು ಕರ್ಚೀಪು ಬಿಚ್ಚಿದ್ರಲ್ಲ, ಆಗ ಗೊತ್ತಾಯ್ತು. ಮೇಷ್ಟ್ರಿಗೆ ಮೇಲಿಂದ ಓಯ್ತು, ನಂಗೆ ಕೆಳಗಿಂದ ಓಯ್ತಾ ಅದೆ. ಅಷ್ಟು ಓದ್ಕೊಂಡೋರೇ ಔಷ್ದಿ ಕುಡ್ದೂ ಉಳೀಲಿಲ್ಲ. ನಾನ್ ಉಳೀತೀನಾ?”

ನನ್ನ ಬೀಟ್‌ರೂಟ್ ಎಲ್ಲಿಗೆ ಹೋಗಿ ಮುಟ್ಟಿತು ಎಂದು ನನಗೆ ಆಗ ಗೊತ್ತಾಯಿತು. “ನಾನು ಸತ್ತಿಲ್ಲ ಕಣಮ್ಮ, ಇಲ್ಲೇ ನಿಂತಿದೀನಲ್ಲ. ಅದು ವೇಷ” ಎಂದೆ.

“ಯೇಷ ಅಂತ ನಂಗೊತ್ತಿಲ್ವಾ ಮೇಷ್ಟ್ರೇ? ಎಲ್ಲಾ ಯೇಷ. ಆದ್ರೆ ಆ ಕೆಮ್ಮು ಯೇಷ ಅಲ್ಲ. ಅದು ನನ್ನಂತೋರ್ ಕೆಮ್ಮು.”

“ಅದು ನನ್ ಕೆಮ್ಮು,” ಎಂದಳು ಅಕ್ಕ. “ನಂಗೂ ಇದೇ ಬಂದಿತ್ತು. ನೋಡು, ಎಂಗಿದೀನಿ ಈಗ.”

ಆಕೆ ಅಕ್ಕನನ್ನು ನೋಡಿ ನಕ್ಕಳು, ಕೋಪದಿಂದಲ್ಲ, ಕನಿಕರದಿಂದ. “ನಂಗೆ ಧೈರ್ಯ ಏಳೋಕೆ ಅಂತ ಸುಳ್ಳೇಳ್ಬೇಡಿ ಅಕ್ಕಾ. ನಿಮ್ಗಿದ್ದಿದ್ದು ಉಬ್ಸ. ನಿಮ್ ತಮ್ಮೋರೇ ನಲ್ಲಿ ಅತ್ರ ಏಳಿದ್ರಂತೆ, ವಠಾರಕ್ಕೆಲ್ಲ ಗೊತ್ತು.”

ಅಕ್ಕ ನನ್ನ ಮುಖ ನೋಡಿದಳು. ನಾನು ಮಲ್ಲಿಗೆ ರಾಶಿ ನೋಡಿದೆ. ಬಾಯಿ ಬಿಟ್ಟು, ಉಬ್ಬಸ ಅಲ್ಲ, ನಾನೇ ಸುಳ್ಳು ಹೇಳಿದ್ದು ಎಂದೇನೋ ಹೇಳಿದೆ. ಆದರೆ ಹೊತ್ತು ಮೀರಿತ್ತು. ಅಕ್ಕ ತಮ್ಮ ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದೇವೆ ಎಂದು ಆಕೆ ತೀರ್ಮಾನಿಸಿಯಾಗಿತ್ತು. ರಂಗದ ಮೇಲೆ ಕಂಡದ್ದನ್ನು ಬಾಗಿಲಲ್ಲಿ ನಿಂತು ಅಳಿಸಲು ನನ್ನಿಂದ ಆಗಲಿಲ್ಲ.

“ಬಾರೋ,” ಎಂದಳು ಅಕ್ಕ ಬೀದಿಗೆ ಬಂದು. “ನೀನು ಕೇಳಿದ್ದು ಸಾಕು. ಇವತ್ತು ನಾನೇ ಕೇಳ್ತೀನಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಮುಂದೆ, ಬೆವರುತ್ತಾ ನಾನು ಹಿಂದೆ. ಯಜಮಾನರು ಕಡಲೆಬೇಳೆ ತೂಗುತ್ತಿದ್ದರು. ಅಕ್ಕನನ್ನು ಕಂಡು ಮುಖ ಅರಳಿಸಿದರು.

“ಬನ್ನಿ ತಾಯಿ, ಬನ್ನಿ. ಮಂಡಿ ನೋವು ಹೆಂಗಿದೆ?”

“ಯಾವ ಮಂಡಿ?” ಎಂದಳು ಅಕ್ಕ. “ನಾಲ್ಕು ವರ್ಷದಿಂದ ಕೇಳಿ ಕಳಿಸ್ತಾ ಇದೀನಿ ಯಜಮಾನ್ರೇ. ನೀವು ಆಗಲ್ಲ, ಆಗಲ್ಲ ಅಂತಾನೇ ಇದೀರಿ. ನಿಮಗೆ ಮೇಷ್ಟ್ರ ಮೇಲೆ ಅದೇನು ಹಗೆ?”

“ಯಾವ ಮೇಷ್ಟ್ರು?”

“ನಾಟಕದ ಮೇಷ್ಟ್ರು ಕಣ್ರೀ! ಅವರನ್ನ ಬದುಕ್ಸಿ ಅಂತ ನಮ್ಮವನ ಕೈಲಿ ಎಷ್ಟು ಸಲ ಹೇಳಿ ಕಳಿಸ್ದೆ! ಅಳೋಕೆ ಬರೋ ಜನಕ್ಕೆ ಆಸ್ಪತ್ರೆ ಚೀಟಿ ತೋರ್ಸಕ್ಕಾಗುತ್ತಾ ಅಂದ್ರಂತೆ.”

ಯಜಮಾನರು ತಕ್ಕಡಿ ಕೆಳಗಿಟ್ಟರು. ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. “ಮಾತೇನೋ ಚೆನ್ನಾಗಿದೆ,” ಎಂದರು. “ಆದ್ರೆ ನಾನು ಆಡಿದ್ದಲ್ಲ. ನಂಗ್ಯಾರೂ ಕೇಳೇ ಇಲ್ಲ ತಾಯಿ.”

ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ಪಾತ್ರದವನಿಗೆ ಮಾತು ಮರೆತಾಗ ಪರದೆಯ ಮರೆಯಿಂದ ಯಾರಾದರೂ ಎತ್ತಿಕೊಡುತ್ತಾರೆ. ಅಲ್ಲಿ ಯಾರೂ ಇರಲಿಲ್ಲ.

“ಮರ್ತುಬುಟ್ಟೆ ಅಕ್ಕ,” ಎಂದೆ.

“ನಾಲ್ಕು ವರ್ಷ?”

ನಾನು ಪೆಚ್ಚಾಗಿ ನಕ್ಕೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಯಜಮಾನರ ಕಡೆ ತಿರುಗಿ, “ಅರ್ಧ ಕೇಜಿ ತೊಗರಿಬೇಳೆ ಕೊಡಿ” ಎಂದಳು. ಆಮೇಲೆ ಹೂ ಕಟ್ಟುವ ಹೆಂಗಸಿನ ಹೆಸರೆತ್ತದೆ, ಹೀಗೆ ಒಬ್ಬರು ಮಾತ್ರೆ ನಿಲ್ಲಿಸಿದ್ದಾರೆ ಎಂದು ಇಡೀ ಕಥೆ ಹೇಳಿದಳು. ತನಗೂ ಬಂದಿತ್ತು ಎಂಬುದನ್ನೂ ಆ ಮೂರು ಗಿರಾಕಿಗಳ ಮುಂದೆಯೇ ಹೇಳಿದಳು. ಯಜಮಾನರು ವಿಭೂತಿ ಉಜ್ಜಿಕೊಳ್ಳುತ್ತಾ ಕೇಳಿದರು.

“ಮೇಷ್ಟ್ರು ಬದುಕಿದ್ರೆ ಮಗಳಿಗೆ ಕಷ್ಟ ಎಲ್ಲಿಂದ ತರೋದು?” ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವ ಹಾಗೆ.

“ಬದುಕಿದೋರಿಗೆ ಕಷ್ಟ ಕಮ್ಮೀನಾ? ಲೋಟ ಬೇರೆ ಇಡ್ತಾರೆ. ಮಗಳನ್ನ ನೋಡೋಕೆ ಬಂದೋರು ಕಾಫಿ ಕುಡೀದೆ ಎದ್ದು ಹೋಗ್ತಾರೆ. ಮನೆಯೋರೇ ಬೇರೆ ಕಾಯಿಲೆ ಹೆಸರು ಹೇಳ್ತಾರೆ. ಬರ್ಕೊಳ್ಳಿ, ಎಷ್ಟು ಬೇಕೋ ಅಷ್ಟು ಕೊಡ್ತೀನಿ.”

ಯಜಮಾನರು ಪೊಟ್ಟಣ ಕಟ್ಟುವ ಕಾಗದ ಎಳೆದುಕೊಂಡು ಬರೆಯಲು ಕೂತರು. ಮಂಡಕಳ್ಳಿಯ ಶಾಲೆಯ ಬಯಲಿನಲ್ಲಿ ಮುಂದಿನ ಭಾನುವಾರದ ಆಚೆ ಭಾನುವಾರ, ಮಧ್ಯಾಹ್ನ, ನಮ್ಮ ನಾಟಕ ಮೊದಲೇ ನಿಗದಿಯಾಗಿತ್ತು. ಹತ್ತು ದಿನ ಇತ್ತು.

ಆ ಹತ್ತು ದಿನ ತಾಲೀಮಿಗೆ ಅಕ್ಕನೇ ಯಜಮಾನಿ. ಅಕ್ಕಿ ಮೂಟೆಯ ಮೇಲೆ ಕೂತು ಒಂದೊಂದಕ್ಕೂ ಕೈ ಎತ್ತುತ್ತಿದ್ದಳು. “ಹಂಗೆ ಎದೆ ಹಿಡ್ಕೊಂಡು ಯಾರೂ ಬೀಳಲ್ಲ. ಕೂತ್ಕೋ.” “ಕೆಮ್ಮೋವಾಗ ಬಾಯಿಗೆ ಬಟ್ಟೆ ಅಡ್ಡ ಇಟ್ಕೋ, ಜನ ಕಲೀಲಿ.” “ಎಲ್ಲರಿಗೂ ರಕ್ತ ಬರಲ್ಲ ಕಣೋ, ನಂಗೆಲ್ಲಿ ಬಂದಿತ್ತು?” ಕರ್ಚೀಫು ಹೋಯಿತು. ಸೀಸೆ ಹೋಗಿ ಮಾತ್ರೆ ಬಂತು. ಕೆಮ್ಮು ನಿಂತ ಮೇಲೆ ಮೇಷ್ಟ್ರು, ಇನ್ನು ಮಾತ್ರೆ ಸಾಕು ಎನ್ನುವುದು, ಹೆಂಡತಿ ಬಿಡದೆ ನುಂಗಿಸುವುದು ಸೇರಿತು. ಜಗಳ ಆದದ್ದು ಒಂದೇ ವಿಷಯಕ್ಕೆ.

“ಕೆಂಪಗೆ ಹೋಗೋದೂ ಬೇಕು,” ಎಂದಳು ಅಕ್ಕ.

ಯಜಮಾನರು ಹೌಹಾರಿದರು. “ರಂಗದ ಮೇಲೆ ಆ ಮಾತಾ? ಮುಂದ್ಗಡೆ ದೊಡ್ಡೋರು ಕೂತಿರ್ತಾರೆ ತಾಯಿ!”

“ದೊಡ್ಡೋರು ಹೋಗಲ್ವಾ ಯಜಮಾನ್ರೇ?”

ಕಂಡಕ್ಟರು ಚೀಲಕ್ಕೆ ಮುಖ ಒತ್ತಿಕೊಂಡು ನಕ್ಕ. ಆ ದೃಶ್ಯ ಉಳಿಯಿತು.

ಆ ಭಾನುವಾರ ಅಕ್ಕ ಹೂ ಕಟ್ಟುವ ಹೆಂಗಸನ್ನು, ತವರಿಗೆ ಹೋಗಿ ಬರೋಣ ಬಾ ಎಂದು ಹೊರಡಿಸಿಕೊಂಡು ಬಂದಿದ್ದಳು. ಪರದೆಯ ಸಂದಿನಿಂದ ನೋಡಿದೆ. ಬೇವಿನ ಮರದ ನೆರಳಲ್ಲಿ ಕೂತಿದ್ದಳು, ಇನ್ನೂ ಸೊರಗಿದ್ದಳು, ಕೆಮ್ಮುತ್ತಿದ್ದಳು. ನಾನು ಎಷ್ಟೋ ಸಲ ಸತ್ತಿದ್ದೇನೆ, ಆದರೆ ರಂಗಕ್ಕೆ ಹೋಗಲು ಹೆದರಿದ್ದು ಬದುಕಬೇಕಾಗಿ ಬಂದ ಆ ದಿನವೇ.

ನಮ್ಮ ನಾಟಕವನ್ನು ಮೈಸೂರಿನಲ್ಲಿ ನೋಡಿದ್ದವರು ಅಲ್ಲೂ ಇದ್ದರು. ಮೊದಲನೇ ಅಂಕ ಮುಗಿಯುತ್ತಾ ಬಂದರೂ ಮೇಷ್ಟ್ರು ಗಟ್ಟಿಮುಟ್ಟಾಗಿರುವುದು ಕಂಡು ಹಿಂದಿನಿಂದ ಒಬ್ಬ ಕೂಗಿದ: “ಏ, ಮೇಷ್ಟ್ರು ಸಾಯೋದ್ ಯಾವಾಗ? ಬಸ್ಸಿಗೆ ಹೊತ್ತಾಯ್ತದೆ!”

ಸೀರೆ ಉಟ್ಟ ಕಂಡಕ್ಟರು ಸೊಂಟಕ್ಕೆ ಕೈಯಿಟ್ಟು ತಿರುಗಿದ. “ಇವತ್ತು ಸಾಯಲ್ಲ ಕಣಪ್ಪ, ಕೂತ್ಕೋ! ಮುಂದಿನ ಸ್ಟಾಪಲ್ಲಿ ಇಳಿಯೋವಂತೆ!”

ಬಯಲು ಗೊಳ್ಳೆಂದಿತು. ಆ ನಗು ಇನ್ನೂ ಆರಿರಲಿಲ್ಲ, ನಾನು ಚೊಂಬು ಹಿಡಿದು ಹಿತ್ತಲಿನಿಂದ ಓಡಿ ಬಂದೆ. “ಲೇ, ಕೆಂಪಗೆ ಹೋಯ್ತು ಕಣೇ! ನನ್ನ ಕಥೆ ಮುಗೀತು!”

ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: “ಊರ್ ಮಕ್ಕಳಿಗೆಲ್ಲ ಪಾಠ ಹೇಳ್ತೀರಿ, ನರ್ಸಮ್ಮ ಹೇಳಿದ ಪಾಠ ಕೇಳಿಸ್ಕೊಂಡಿಲ್ವಲ್ರೀ! ಅದು ರಕ್ತ ಅಲ್ಲ, ಮಾತ್ರೆ ಬಣ್ಣ. ಮಾತ್ರೆ ಒಳಗೆ ಕೆಲಸ ಮಾಡ್ತಾ ಇದೆ ಅಂತ. ನುಂಗಿ ಸುಮ್ನೆ!”

ನಗು ಅಲೆಯಲೆಯಾಗಿ ಬಂತು. ದೊಡ್ಡವರೂ ನಕ್ಕರು. ನಾನು ಮರದ ಕಡೆಗೇ ನೋಡುತ್ತಿದ್ದೆ. ಹೂ ಕಟ್ಟುವ ಹೆಂಗಸು ಮೊದಲು ಬೆಚ್ಚಿ ಅಕ್ಕನ ಮೊಣಕೈ ಹಿಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡಳು. ಭುಜ ಕುಣಿಯುವುದು ಕಂಡಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅಲ್ಲಿಂದ ಗೊತ್ತಾಗಲಿಲ್ಲ. ಅಕ್ಕ ಕೈ ಎತ್ತಿ ಸನ್ನೆ ಮಾಡಿದಳು: ನಗುತ್ತಿದ್ದಾಳೆ.

ಮರುದಿನ ಬೆಳಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಚೆನ್ನಾಗಿ ಬೈದರಂತೆ. ನಡುವೆ ಬಿಟ್ಟಿದ್ದಕ್ಕೆ ಮತ್ತೆ ಮೊದಲಿನಿಂದ, ಇನ್ನೂ ಹೆಚ್ಚು ತಿಂಗಳು, ಸೂಜಿ ಬೇರೆ. ಅಷ್ಟು ತಿಂಗಳು ಹೆಚ್ಚಿಗೆ ಅವಳು ಅನುಭವಿಸಿದ್ದು ನನ್ನ ದೆಸೆಯಿಂದ. ಅವಳು ಅದನ್ನು ಹಾಗೆ ಲೆಕ್ಕ ಹಾಕಲೇ ಇಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ, “ಮೇಷ್ಟ್ರೇ, ಇವತ್ತೂ ಕೆಂಪು!” ಎಂದು ಜೋರಾಗಿ ಹೇಳಿ ನಕ್ಕು ಹೋಗುತ್ತಿದ್ದಳು. ಕೇಳಿದವರ ಮುಖ ನೋಡಬೇಕಿತ್ತು. ಅವಳ ಹೂವನ್ನು ಯಾರೂ ಬೇಡ ಎನ್ನಲಿಲ್ಲ. ಎಲ್ಲರಿಗಿಂತ ಮೊದಲು ಅಕ್ಕ ದಿನಾ ಒಂದು ಮೊಳ ಮುಡಿದುಕೊಂಡು ವಠಾರದ ತುಂಬ ಓಡಾಡುತ್ತಿದ್ದಳು.

ಯಜಮಾನರ ಅಂಗಡಿಯಲ್ಲಿ ನಾನು ಹೇಳಿದ ‘ಮರೆತೆ’ ಎಂಬ ಮಾತನ್ನು ಅಕ್ಕ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಪಕ್ಕಪಕ್ಕದಲ್ಲಿ ಕೂತು ಹೊಲಿಯುತ್ತಿದ್ದೆವು, ಅವಳು ಎಂದಿನಂತೆ ತಮಾಷೆ ಮಾಡುತ್ತಿದ್ದಳು, ನಾನು ನಗುತ್ತಿದ್ದೆ. ಅವಳು ಮರೆತಳು ಎಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಮುಂದಿನ ವರ್ಷದ ರಾಜ್ಯೋತ್ಸವಕ್ಕೆ ಮತ್ತೆ ಸಿದ್ಧಾರ್ಥನಗರದವರು ಕರೆದರು. ಬದುಕಿದ ಮೇಷ್ಟ್ರಿಗೂ ಒಳ್ಳೆಯ ಚಪ್ಪಾಳೆಯೇ ಬಿತ್ತು. ನಾಟಕ ಮುಗಿದು ಎಲ್ಲ ಪಾತ್ರದವರೂ ಸಾಲಾಗಿ ನಿಂತಿದ್ದಾಗ ಹೂ ಕಟ್ಟುವ ಹೆಂಗಸು ರಂಗದ ಮೇಲೆ ಹತ್ತಿ ಬಂದಳು. ಮೈ ತುಂಬಿಕೊಂಡಿದ್ದಳು. ಆ ವಾರ ಆಸ್ಪತ್ರೆಯವರು ಪರೀಕ್ಷೆ ಮಾಡಿ, ಇನ್ನು ಮಾತ್ರೆ ಬೇಡ ಎಂದಿದ್ದರು. ಅವಳ ಕೈಯಲ್ಲಿ ಮಲ್ಲಿಗೆ ಹಾರ, ತೋಳು ಗಾತ್ರದ್ದು. ಯಾರೂ ಕೊಡದೆ ತಾನೇ ಮೈಕು ಎಳೆದುಕೊಂಡಳು.

“ನಂಗೆ ಟೀಬಿ ಇತ್ತು. ನಾನ್ ಮಾತ್ರೆ ಬುಟ್ಟು ಸಾಯೋಕೆ ಕುಂತಿದ್ದೆ. ಈ ಮೇಷ್ಟ್ರು ಬದುಕಿದ್ರು ನೋಡಿ, ಅದ್ಕೇ ನಾನೂ ಬದುಕ್ದೆ. ಈ ಪುಣ್ಯಾತ್ಮರಿಗೆ ದೇವ್ರು ಒಳ್ಳೇದ್ ಮಾಡ್ಲಿ” ಎಂದು ಹಾರವನ್ನು ನನ್ನ ಕೊರಳಿಗೆ ಹಾಕಿದಳು.

ಜನ ಎದ್ದು ನಿಂತರು. ಎರಡನೇ ಸಾಲಿನಲ್ಲಿ ಅಕ್ಕನೂ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಮುಖದಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನಾನು ಆ ಸಂಜೆಯೂ ತಪ್ಪಿಸಿಕೊಂಡುಬಿಡುತ್ತಿದ್ದೆನೋ ಏನೋ.

ಪರದೆಯ ಹಿಂದೆ ಅಕ್ಕ, ಹೂ ಕಟ್ಟುವ ಹೆಂಗಸು ಇಬ್ಬರೂ ಬಂದರು. ಯಜಮಾನರು ಕುರ್ಚಿ ಕೊಟ್ಟರು, ಕಂಡಕ್ಟರು ಸೀರೆ ಬಿಚ್ಚುತ್ತಾ ಏನೋ ಹಾಡುತ್ತಿದ್ದ. ನಾನು ಹಾರ ತೆಗೆದು ಅಕ್ಕನ ಕೊರಳಿಗೆ ಹಾಕಲು ಹೋದೆ. ಅವಳು ತಡೆದಳು.

“ಏ, ಮೇಷ್ಟ್ರಿಗೆ ಹಾಕಿದ್ದು. ನಂಗ್ಯಾಕೋ?”

ಆಗ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ:

“ಅಕ್ಕ, ನಾನು ಮರ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಯಜಮಾನರನ್ನ ಒಂದು ಸಲಾನೂ ಕೇಳಲಿಲ್ಲ. ಕೇಳಿದ್ರೆ ಒಪ್ಕೊಂಡ್ಬುಡ್ತಾರೆ ಅಂತ ಹೆದರಿಕೆ ಇತ್ತು. ನಾನು ಸಾಯೋವಾಗ ಜನ ಅಳೋದು ನಂಗೆ ಬೇಕಾಗಿತ್ತು. ನಿಂದು ಉಬ್ಬಸ ಅಂತ ವಠಾರಕ್ಕೆ ಹೇಳಿದ್ದೂ ನನ್ನ ಮರ್ಯಾದೆಗೆ, ನಿನ್ನ ಒಳ್ಳೇದಕ್ಕಲ್ಲ. ಅದ್ರಿಂದಾನೇ ಈಯಮ್ಮ ನಿನ್ನ ಮಾತು ನಂಬಲಿಲ್ಲ. ನೀನು ಬದುಕಿ ಪಕ್ಕದಲ್ಲೇ ಕೂತಿದ್ದೆ, ನಾನು ಊರಿಗೆಲ್ಲ ನಿನ್ನ ಸಾವು ತೋರಿಸ್ಕೊಂಡು ತಿರುಗ್ದೆ. ತಪ್ಪಾಯ್ತು ಅಕ್ಕ. ನಿಮ್ಮ ಹತ್ರಾನೂ ತಪ್ಪಾಯ್ತು ಕಣಮ್ಮ. ಕ್ಷಮಿಸ್ಬುಡಿ.”